ನಾಲ್ಕು ಬಿದ್ದರೆ ಐದು ಮನೆ

ಶಮೀಮ್ ಮೇಡಂ ಬರುತ್ತಿದ್ದುದು ಶನಿವಾರವೋ ಭಾನುವಾರವೋ, ಅವರ ದುಪಟ್ಟಾ ಹಸಿರೋ ನೀಲಿಯೋ, ಈಗ ಆಣೆ ಮಾಡಿ ಹೇಳಲಾರೆ. ಡೈರಿ ಬರೆಯುವ ಚಟ ಹತ್ತಿದ್ದು ಆಮೇಲೆ; ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ನೆನಪು ತನಗಿಷ್ಟವಾದ ಬಣ್ಣ ಬಳಿದಿರಬಹುದು. ಒಂದು ಮಾತ್ರ ಖಚಿತ. ಚೌಕಾಬಾರದಲ್ಲಿ ಅವರಷ್ಟು ನಾಚಿಕೆಯಿಲ್ಲದೆ ಮೋಸ ಮಾಡುವವರನ್ನು ನಾನು ಮತ್ತೆ ಕಂಡಿಲ್ಲ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ತುಮಕೂರಿನ ಒಂದು ಬಾಲಮಂದಿರಕ್ಕೆ ಸೇರಿಸಿದ್ದರು. ನಾನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮೇಡಂ ಅಲ್ಲಿನ ಮಕ್ಕಳಿಗೆ ಆಪ್ತಸಮಾಲೋಚಕಿ. ಉಳಿದವರೆಲ್ಲ “ಯಾಕಮ್ಮಾ ಮಾತಾಡಲ್ಲ?” ಎಂದು ಕೇಳಿ ಕೇಳಿ ಸುಸ್ತಾಗಿದ್ದರು, ಇವರು ಏನನ್ನೂ ಕೇಳಲಿಲ್ಲ. ಬಂದವರೇ ಚಪ್ಪಲಿ ಬಿಟ್ಟು, ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಕುಲುಕುತ್ತಿದ್ದರು. ನಾಲ್ಕು ಬಿದ್ದರೆ ಐದು ಮನೆ ನಡೆಸುವರು. ಹುಡುಗಿಯರು ಕಿರುಚಿಕೊಂಡರೆ ಇನ್ನೂ ಖುಷಿ.

“ಏನ್ಲೇ, ನಾನೆಲ್ ತಳ್ದೆ? ಕಾಯಿ ತಾನಾಗೇ ನಡ್ಕೊಂಡೋಯ್ತು ಕಣೇ. ಗುಬ್ಬಿಯಿಂದ ಬಸ್ಸಲ್ಲಿ ನಿಂತ್ಕೊಂಡ್ ಬಂದಿದೀನಿ, ಒಂದ್ ಮನೆ ಜಾಸ್ತಿ ಕೊಟ್ರೆ ಸರ್ಕಾರದ್ ಗಂಟೇನ್ ಹೋಗುತ್ತೆ?”

ಒಂದು ದಿನ ಇನ್ನೇನು ಹಣ್ಣಾಗಲಿದ್ದ ನನ್ನ ಕಾಯಿಯನ್ನೇ ದುಪಟ್ಟಾದ ಅಂಚಿನಿಂದ ಹೊರಗೆ ತಳ್ಳಿದರು. “ಮೋಸ!” ಎಂದು ಯಾರೋ ಕೂಗಿದರು. ದನಿ ನನ್ನದೇ. ಮೇಡಂ ಬೆರಗಾಗಲಿಲ್ಲ, ಬಾಚಿ ತಬ್ಬಿಕೊಳ್ಳಲೂ ಇಲ್ಲ. “ಸಾಕ್ಷಿ ಯಾರು?” ಎಂದು ಜಗಳಕ್ಕೇ ನಿಂತರು. ಜಗಳ ಊಟದ ಗಂಟೆಯವರೆಗೂ ನಡೆಯಿತು. ಗೆದ್ದವಳು ನಾನೇ ಎಂದು ನೆನಪು, ಅದೂ ಅನುಮಾನವೇ.

ಆಮೇಲೆ ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯಿಂದ ಅಮ್ಮನ ತಂಗಿ ಬಂದಳು, ನನ್ನನ್ನು ಸಾಕುತ್ತೇನೆಂದು. ಮಕ್ಕಳ ಕಲ್ಯಾಣ ಸಮಿತಿಯವರಿಗೆ ನನ್ನ ಒಪ್ಪಿಗೆ ನನ್ನ ಬಾಯಿಂದಲೇ ಬೇಕಿತ್ತು. ಚಿಕ್ಕಮ್ಮನ ಪರಿಚಯವೇ ನನಗಿರಲಿಲ್ಲ. ಅವಳು ಬಂದಾಗಲೆಲ್ಲ ನಾನು ಕಂಬದ ಹಿಂದೆ. ಅವಳು ಬೆಂಚಿನ ತುದಿಯಲ್ಲಿ, ಬಾಳೆಹಣ್ಣಿನ ಚಿಪ್ಪು ಹಿಡಿದು, ಪರೀಕ್ಷೆಗೆ ಕೂತವಳಂತೆ ಬೆವರುತ್ತ. ಹೀಗೇ ಆದರೆ ಅವಳು ಬರುವುದನ್ನೇ ಬಿಡುತ್ತಾಳೇನೋ ಎಂದು ನನಗೂ ಭಯ.

ಒಂದು ಸಲ ಮೇಡಂ ನೀರು ಕೊಡುವ ನೆಪದಲ್ಲಿ ಅವಳನ್ನು ಒಳಗೆ ಕರೆದೊಯ್ದರು. ಹೊರಬಂದು ನಮ್ಮ ಜೊತೆ ಆಟಕ್ಕೆ ಕೂರಿಸಿದರು. ಚಿಕ್ಕಮ್ಮ ಕವಡೆ ಹಾಕಿದಳು. ಎರಡು ಬಿತ್ತು. ಮೂರು ಮನೆ ನಡೆಸಿದಳು!

“ಚಿಕ್ಕಮ್ಮಾ, ನೀನೂನಾ?”

ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳ ಕಿವಿ ಕೆಂಪಾಯಿತು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಂಥ ಕಳ್ಳಿ ಮನೆಗ್ ಹೋಗ್ತೀಯೇನೇ?”

“ಹೋಗ್ತೀನಿ. ಎಣಿಸೋಕೆ ಯಾರಾದ್ರೂ ಬೇಕಲ್ಲ.”

ಸಮಿತಿಯ ಮುಂದೆಯೂ ಇದನ್ನೇ ಹೇಳಿದೆನಂತೆ.

ಹೋದ ವರ್ಷ ಮೇಡಂ ತೀರಿಕೊಂಡರು. ಗುಬ್ಬಿಯ ಅವರ ಮನೆಗೆ ಹೋಗಿ ಬಂದ ಸಂಜೆ, ನಾನೂ ಚಿಕ್ಕಮ್ಮನೂ ಕವಡೆ ತೆಗೆದು ಕೂತೆವು. ಇಷ್ಟು ವರ್ಷಗಳಲ್ಲಿ ಅವಳು ಮತ್ತೆ ಮೋಸ ಮಾಡಿದ್ದಿಲ್ಲ. ಅಂಗಡಿಯವನು ಕೈತಪ್ಪಿ ಹೆಚ್ಚು ಕೊಟ್ಟ ಸೊಪ್ಪಿನ ಕಟ್ಟನ್ನೂ ಹಿಂದಕ್ಕೆ ಕೊಟ್ಟು ಬರುವ ಹೆಂಗಸು. ಕೇಳಿಯೇಬಿಟ್ಟೆ:

“ಅವತ್ತು ಮೇಡಂ ಹೇಳ್ಕೊಟ್ರಾ, ಇಲ್ಲಾ ಹೆದರಿಕೇಲಿ ನಿಂಗೇ ಲೆಕ್ಕ ತಪ್ತಾ?”

ಚಿಕ್ಕಮ್ಮ ಕವಡೆ ಹಾಕಿದಳು. ನಾಲ್ಕು ಬಿತ್ತು. ನನ್ನ ಮುಖ ನೋಡದೆ ಐದು ಮನೆ ನಡೆಸಿದಳು.