ಏರಿನಲ್ಲಿ ನಿಂತ ಲಾರಿ

ಚಿಕ್ಕಪ್ಪನ ಲಾರಿಗೆ ಅವನಿಗಿಂತ ಹೆಚ್ಚು ವಯಸ್ಸು. ಮನೆ ಬದಲಾಯಿಸುವವರ ಮಂಚ, ಬೀರು, ಪಾತ್ರೆಪಗಡಗಳನ್ನು ಹೊತ್ತು ಊರೂರು ತಿರುಗುತ್ತಿತ್ತು. ಅದರ ಹ್ಯಾಂಡ್‌ಬ್ರೇಕು ಮಾತ್ರ ಹೆಸರಿಗಷ್ಟೇ. ಏರಿನಲ್ಲಿ ನಿಲ್ಲಿಸಿದಾಗಲೆಲ್ಲ ಚಿಕ್ಕಪ್ಪ ಕಾಲಿನ ಬ್ರೇಕು ಒತ್ತಿಹಿಡಿದು "ಕಲ್ಲು!" ಎಂದು ಕೂಗುತ್ತಿದ್ದ. ಚಿಕ್ಕಮ್ಮ ಎತ್ತರದ ಸೀಟಿನಿಂದ ಧುಮುಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಯಾರಾದರೂ ಕೇಳಿದರೆ, "ಅವಳಿಗೇನು ಕೆಲಸ? ಸುಮ್ನೆ ಜೊತೆಗೆ ಬರ್ತಾಳೆ" ಅನ್ನುತ್ತಿದ್ದ.

ಈಗ ಅವಳ ಮೊಣಕಾಲು ಊದಿಕೊಂಡಿತ್ತು. ಧುಮುಕಲೇಬಾರದು ಎಂದಿದ್ದರು ಡಾಕ್ಟರು.

"ಹಾಗಾದ್ರೆ ಮನೇಲಿರು. ನನ್ನ ತಮ್ಮ ಬರ್ತಾನೆ" ಎಂದ ಚಿಕ್ಕಪ್ಪ.

ಅವರ ಅಡುಗೆಮನೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆಯೊಂದೇ. ಲಾರಿಯ ಗಾಜಿನಾಚೆ ಅವಳು ಎಷ್ಟೋ ನದಿ, ಸೇತುವೆ ಕಂಡಿದ್ದಳು. ಆ ಸೀಟು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರ ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು ಅಂಗಳಕ್ಕೆ ಬಂದಳು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟಳು. ಹಿಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ದಿಮ್ಮಿಗಳನ್ನಿಟ್ಟು, ಗೋಣಿಚೀಲ ಹಾಸಿ ಒಳಗೆ ತೆವಳಿದಳು. ಸ್ಪ್ಯಾನರು ಕೊಡಲು ನಾನಿದ್ದೆ. ಅವಳು ಮೊದಲು ಮಾಡಿದ್ದೇ ಹ್ಯಾಂಡ್‌ಬ್ರೇಕಿನ ಕೇಬಲನ್ನು ಪೂರ್ತಿ ಸಡಿಲಿಸಿದ್ದು.

ಆಗಲೇ ಮೆಕ್ಯಾನಿಕ್ ಬಂದ. ಪ್ರತಿಸಲವೂ ಕೇಬಲ್ ಬಿಗಿದು ಹೋಗುತ್ತಿದ್ದವನು ಅವನೇ. ನಾಲ್ಕು ದಿನಕ್ಕೆ ಅದು ಮತ್ತೆ ಜಗ್ಗುತ್ತಿತ್ತು.

"ಅಯ್ಯೋ ಅಕ್ಕಾ, ಇದ್ದ ಬಿಗೀನೂ ಬಿಚ್ಬಿಟ್ರಾ!"

"ಪೈಜಾಮಾನೇ ಸವೆದಿದ್ರೆ ಲಾಡಿ ಬಿಗಿದು ಏನಪ್ಪಾ ಬಂತು?" ಲಾರಿಯಡಿಯಿಂದ ಉತ್ತರ ಬಂತು.

ಸವೆದದ್ದು ಚಕ್ರದೊಳಗಿನ ಬ್ರೇಕ್ ಪಟ್ಟಿ. ಚಕ್ರದ ಹಿಂಬದಿಯ ಕಿರುಗಂಡಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಆ ಪಟ್ಟಿಯನ್ನು ಹೊರಕ್ಕೆ ದೂಡುವ, ಕಣ್ಣಿಗೆ ಕಾಣದ ಹಲ್ಲುಗಾಲಿಯನ್ನು ಅವಳು ಒಂದೊಂದೇ ಹಲ್ಲು ತಿರುಗಿಸಿದಳು. ಪ್ರತಿ ಹಲ್ಲಿಗೂ ಚಕ್ರ ತಿರುವಿ ಕಿವಿಗೊಟ್ಟಳು. ಪಟ್ಟಿ ಕಚ್ಚಿಕೊಂಡ ಮೇಲೆ ಕೆಲವು ಹಲ್ಲು ಹಿಂದಕ್ಕೆ. ಹೊಲಿಗೆ ಮೆಷಿನ್ನಿನ ದಾರ ಹರಿಯದಂತೆ, ಬಟ್ಟೆ ಸುಕ್ಕಾಗದಂತೆ ಬಿಗಿ ಹಿಡಿಯುವ ಅದೇ ಎರಡು ಬೆರಳು. ಆ ಮಣಭಾರದ ಚಕ್ರ ಅವಳ ಅಂಗೈ ತಳ್ಳಿದಷ್ಟೇ ತಿರುಗಿ, ಸಣ್ಣಗೆ ಉಸಿರುಬಿಟ್ಟಂತೆ ಸದ್ದು ಮಾಡಿ ನಿಂತಿತು. ಇನ್ನೊಂದು ಚಕ್ರವೂ ಹಾಗೇ ಆಯಿತು. ಕೇಬಲ್ ಬಿಗಿದದ್ದು ಕಟ್ಟಕಡೆಗೆ.

"ಎಲ್ಲಿ ಕಲಿತ್ರಿ ಅಕ್ಕಾ?" ಮೆಕ್ಯಾನಿಕ್‌ನ ದನಿ ಇಳಿದಿತ್ತು.

"ಇಷ್ಟು ವರ್ಷ ಚಕ್ರದ ಪಕ್ಕದಲ್ಲೇ ಕೂತಿದ್ದೀನಲ್ಲಪ್ಪ. ನೋಡ್ತಾ ನೋಡ್ತಾ."

ಸಂಜೆ ನೀರಿನ ಟ್ಯಾಂಕಿನ ಬಳಿಯ ಕಡಿದಾದ ಏರಿನಲ್ಲಿ ಚಿಕ್ಕಪ್ಪ ಲಾರಿ ನಿಲ್ಲಿಸಿದ. ಚಿಕ್ಕಮ್ಮ ಪಕ್ಕದಲ್ಲಿದ್ದಳು, ನಾನೂ ಮೆಕ್ಯಾನಿಕ್ಕೂ ರಸ್ತೆಯ ಬದಿಗೆ ನಿಂತಿದ್ದೆವು. ಲಿವರ್ ಎಳೆದ ಚಿಕ್ಕಪ್ಪ ಅಭ್ಯಾಸಬಲದಿಂದ "ಕಲ್ಲು!" ಎಂದ. ಅವಳು ಅಲುಗಲಿಲ್ಲ.

"ಕಾಲು ತೆಗೀರಿ."

ಅವನು ತೆಗೆದ. ಲಾರಿ ಒಂದು ಬೆರಳಿನಷ್ಟು ಹಿಂದೆ ಸರಿದು, ಕಿರ್ರೆಂದು, ನಿಂತಿತು. ಅಷ್ಟು ದೊಡ್ಡ ಕಬ್ಬಿಣ, ಆಕಾಶಕ್ಕೆ ಮೂತಿ ಮಾಡಿ, ತಾನೇ ತಾನಾಗಿ ನಿಂತಿತ್ತು! ಮೆಕ್ಯಾನಿಕ್ ತಲೆಯ ಮೇಲಿನ ಟೋಪಿ ತೆಗೆದ.

ಚಿಕ್ಕಪ್ಪ ಇಳಿದು ಲಾರಿಯನ್ನು ಎರಡು ಸುತ್ತು ಬಂದ.

"ನಾಳೆ ಎಷ್ಟೊತ್ತಿಗೆ ಹೊರಡೋದು?" ಕಿಟಕಿಯಿಂದ ಚಿಕ್ಕಮ್ಮ ಕೇಳಿದಳು.

"ಆರಕ್ಕೆ."

"ಹಾಗಾದ್ರೆ ತಿಂಡಿ ನೀವು ಮಾಡ್ಬಿಡಿ. ನಾನು ಟೈರಿಗೆ ಗಾಳಿ ನೋಡ್ಬೇಕು."