ದೊಡ್ಡಕ್ಕನಿಗೆ ಹೇಳದೆ ಉಳಿದ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಒಣಗಿಸುವ ಯಂತ್ರದಿಂದ ಬಿಸಿ ಬೆಡ್‌ಶೀಟುಗಳು ತಳ್ಳುಗಾಡಿಗೆ ಬೀಳುತ್ತವೆ. ಇಸ್ತ್ರಿಯಕ್ಕ ಒಂದನ್ನೆತ್ತಿ ಎರಡು ಮೂಲೆ ಹಿಡಿಯುತ್ತಾರೆ. ಉಳಿದೆರಡು ಮೂಲೆ ಹೊಸ ಜೊತೆಗಾತಿಯ ಕೈಯಲ್ಲಿ. ಕೊಡವಿ, ಉದ್ದಕ್ಕೆ ಮಡಿಸಿ, ಇಬ್ಬರೂ ಎದುರುಬದುರಾಗಿ ನಡೆದು ಬರುತ್ತಾರೆ. ಬೇರೆ ಜೋಡಿಗಳೆಲ್ಲ ಮೂಲೆಯನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಇಸ್ತ್ರಿಯಕ್ಕ ಮಾತ್ರ ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಜೊತೆಗಾತಿ ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಆಮೇಲೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ತಮ್ಮ ಅಂಗೈಯನ್ನೊಮ್ಮೆ ಮೂಸಿ ನೋಡಿಕೊಳ್ಳುತ್ತಾರೆ.

ಇಸ್ತ್ರಿಯಕ್ಕ ಅದನ್ನು ನೋಡಿಬಿಟ್ಟಿದ್ದಾರೆ.

ಈ ಹೆಸರು ಇಟ್ಟಿದ್ದು ಲಾಂಡ್ರಿಯ ಮಂದಿ. ಮುಖದಲ್ಲಿ ನಗುವಿನ ಒಂದು ಗೆರೆಯೂ ಮೂಡುವುದಿಲ್ಲ, ಇಸ್ತ್ರಿ ಹಾಕಿದ ಹಾಗಿದೆ ಅಂತ. ಟೀ ಹೊತ್ತಿನಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಹರಟಿದರೆ, ಇವರು ಸೋಪಿನ ಡ್ರಮ್ಮುಗಳ ಹಿಂದೆ ಒಬ್ಬರೇ. ಜಂಬದವಳು ಎನ್ನುವುದು ಇಲ್ಲಿ ಎಂದೋ ಇತ್ಯರ್ಥವಾದ ವಿಷಯ. ದಿನಕ್ಕೆ ಸಾವಿರದ ಆಸುಪಾಸು ಶೀಟುಗಳು ಈ ಮೇಜನ್ನು ದಾಟುತ್ತವೆ. ಗುಣವಾದವರು ಮನೆಗೆ ಹೋಗುವಾಗ ಡಾಕ್ಟರನ್ನು ನೆನೆಯುತ್ತಾರೆ, ನರ್ಸನ್ನು ನೆನೆಯುತ್ತಾರೆ. ಬೆನ್ನಿಗೆ ಚುಚ್ಚದ ಶೀಟನ್ನು ನೆನೆದವರನ್ನು ನಾವಂತೂ ಕಾಣೆವು.

ಹೊಸ ಜೊತೆಗಾತಿಗೆ ಮುಂಚೆ ಈ ಜಾಗದಲ್ಲಿದ್ದವರು ದೊಡ್ಡಕ್ಕ. ವಯಸ್ಸಿನಲ್ಲಿ ಹಿರಿಯರು, ಬಾಯಿ ತುಂಬ ಮಾತು. ಭಾನುವಾರದ ಪುರವಣಿಯನ್ನು ಮನೆಯಿಂದ ತಂದು, ಟೀ ಹೊತ್ತಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹಿಂದೊಮ್ಮೆ ಹಬೆಯ ಪೈಪು ಒಡೆದು ಅವರ ಬಲಗೈ ಸುಟ್ಟಿತ್ತು. ಮಣಿಕಟ್ಟಿನವರೆಗೂ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

“ಕೆಲಸ ಕಲಿಸಿದ್ದೇ ಅವರು” ಎನ್ನುತ್ತಾರೆ ಇಸ್ತ್ರಿಯಕ್ಕ, ಕಣ್ಣು ಶೀಟಿನ ಅಂಚಿನ ಮೇಲಿಟ್ಟು. “ಒಂದಿನ ಕೇಳಿದ್ರು, ‘ಏನಮ್ಮಾ, ನನ್ನ ಕೈ ಮುಟ್ಟೋಕೆ ಆಗಲ್ವಾ ನಿಂಗೆ?’ ಅಂತ. ಆಗಲ್ಲ ಅಂದೆ. ನಿಜಾನೇ ಹೇಳಿದೆ. ಯಾರ ಕೈನೂ ಮುಟ್ಟೋಕಾಗಲ್ಲ ನಂಗೆ, ನಮ್ಮಮ್ಮನ ಕೈನೂ ಅಷ್ಟೇ. ಆದ್ರೆ ಅದನ್ನ ಹೇಳ್ಲಿಲ್ಲ. ಅವರು ಕೇಳಿದ್ದು ಅವರ ಕೈ ಬಗ್ಗೆ ತಾನೇ?”

ಮರುದಿನ ದೊಡ್ಡಕ್ಕ ಬಲಗೈಗೆ ಗ್ಲೌಸ್ ಹಾಕಿಕೊಂಡು ಬಂದರು. ಶೀಟು ಮಡಿಸುವವರು ಯಾರೂ ಗ್ಲೌಸ್ ಹಾಕುವುದಿಲ್ಲ, ಬಟ್ಟೆ ಹಿಡಿತದಿಂದ ಜಾರುತ್ತದೆ. ಆ ಸೆಕೆಯಲ್ಲೂ ದೊಡ್ಡಕ್ಕ ಅದನ್ನು ತೆಗೆಯಲಿಲ್ಲ, ಪುರವಣಿ ಓದುವುದೂ ಹರಟೆಯೂ ನಿಂತುಹೋಯಿತು. ಮಳೆಗಾಲಕ್ಕೆ ಮುಂಚೆಯೇ ಕೆಲಸ ಬಿಟ್ಟರು. ಎಲ್ಲಿಗೆ ಹೋದರೆಂದು ಇಸ್ತ್ರಿಯಕ್ಕ ವಿಚಾರಿಸಲೂ ಇಲ್ಲ.

ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವಂತೆ, ಯಾರ ಕೈಯನ್ನೂ ಯಾಕೆ ಮುಟ್ಟಲಾಗುವುದಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು ಆಮೇಲೆ. ತಂಗಿ ತನ್ನ ಮಗಳನ್ನು ಡಾಕ್ಟರ ಬಳಿ ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ಇವರೂ ಜೊತೆಗೆ ಹೋಗಿದ್ದರು. ಮಗುವಿನ ಬಗ್ಗೆ ಡಾಕ್ಟರು ಕೇಳಿದ ಪ್ರಶ್ನೆಗಳಿಗೆಲ್ಲ ಇವರೇ ‘ನಂಗೂ ಹಾಗೇ’ ಎಂಬಂತೆ ತಲೆಯಾಡಿಸುತ್ತಿದ್ದುದನ್ನು ಕಂಡು, “ನಿಮ್ಮನ್ನೂ ಒಮ್ಮೆ ನೋಡೋಣ” ಎಂದರಂತೆ. ಆಟಿಸಂ ಎಂಬ ಮಾತು ಇವರ ಪಾಲಿಗೆ ಬಂದಾಗ ತಲೆಗೂದಲು ಅರ್ಧ ನೆರೆತಿತ್ತು.

ಅಂದಿನಿಂದ ಒಂದೇ ಯೋಚನೆ. ಲಾಂಡ್ರಿಯಲ್ಲಿ ಹೇಳುವುದೋ, ಬೇಡವೋ? ತಂಗಿಯದು ಖಡಾಖಂಡಿತ ಮಾತು: “ಬಾಯಿ ಬಿಟ್ರೆ ಬಣ್ಣಗೇಡು. ಇಷ್ಟು ದಿನ ಜಂಬದವಳು ಅಂದ್ರು, ನಾಳೆಯಿಂದ ತಲೆ ಕೆಟ್ಟವಳು ಅಂತಾರೆ. ಅದಕ್ಕಿಂತ ಜಂಬಾನೇ ವಾಸಿ ಕಣಕ್ಕಾ.” ತಂಗಿಯ ಮಾತಿನಲ್ಲಿ ಸುಳ್ಳೇನಿಲ್ಲ. ಒಮ್ಮೆ ಧೈರ್ಯ ಮಾಡಿ ಟೀ ಬೆಂಚಿನವರೆಗೂ ಹೋಗಿದ್ದರು. “ಓಹೋ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು” ಎಂದು ಅಲ್ಲಿ ಕೂತಿದ್ದ ಲಾಂಡ್ರಿ ಗಾಡಿಯ ಡ್ರೈವರು ನಕ್ಕರು. ಕಲಿತುಕೊಂಡು ಹೋಗಿದ್ದ ಮಾತನ್ನು ಹೇಳದೆ ಡ್ರಮ್ಮುಗಳ ಹಿಂದಕ್ಕೆ ಮರಳಿದರು. ಡ್ರೈವರನ್ನು ದೂರಿ ಫಲವಿಲ್ಲ, ಪ್ರೀತಿಯಿಂದಲೇ ಅಂದದ್ದು.

ಪಾಳಿ ಮುಗಿದು ಏಪ್ರನ್ ಬಿಚ್ಚುತ್ತಾ, ಪತ್ರಿಕೆಗೆ ಬರೆಯಲು ಬಂದ ನಮ್ಮನ್ನು ಇಸ್ತ್ರಿಯಕ್ಕ ಕೇಳುತ್ತಾರೆ: “ಇದು ಭಾನುವಾರದ ಪುರವಣಿಯಲ್ಲೇ ಬರುತ್ತಾ?” ಹೌದು, ಆಟಿಸಂ ವಿಷಯ ಬೇಡವೆಂದರೆ ಬಿಟ್ಟುಬಿಡಬಹುದು, ಬರೆದರೆ ಇಲ್ಲಿಯವರೆಲ್ಲ ಓದುತ್ತಾರೆ ಎಂದು ತಿಳಿಸಿದ್ದಾಯಿತು. ಅವರು ಮೇಜಿನ ಅಂಚನ್ನು ಸವರುತ್ತಾ ತಿರುಗಿ ನೋಡುತ್ತಾರೆ. ಆಚೆ ಹೊಸ ಜೊತೆಗಾತಿ ನಲ್ಲಿಯ ಕೆಳಗೆ ಕೈಗೆ ಎರಡನೇ ಸಲ ಸೋಪು ಹಚ್ಚಿ ತಿಕ್ಕುತ್ತಿದ್ದಾರೆ.

“ಬರೀರಿ, ಎಲ್ರಿಗೂ ಗೊತ್ತಾಗ್ಲಿ. ಈಯಮ್ಮನ ಕೈಯಲ್ಲೂ ಏನೂ ದೋಷ ಇಲ್ಲ ಅಂತ ಹಾಕಿ. ಮೂಲೆ ಮೇಜಿನ ಮೇಲಿಡೋಳು ಅಂದ್ರೆ ಸಾಕು, ದೊಡ್ಡಕ್ಕನಿಗೆ ನಾನೇ ಅಂತ ತಿಳಿಯುತ್ತೆ” ಎನ್ನುತ್ತಾರೆ. ಬಾಗಿಲವರೆಗೂ ಹೋದವರು ಮತ್ತೆ ತಿರುಗಿ ಬರುತ್ತಾರೆ.

“ಅವರು ಇನ್ನೂ ಗ್ಲೌಸ್ ಹಾಕ್ತಿದ್ರೆ, ತೆಗೆದುಬಿಡ್ಲಿ ಅಂತ ಬರೀರಿ.”