ಮಾಳವ್ವಕ್ಕನ ಉಡಿ

ಇವತ್ತು ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಮನೆ ತುಂಬ ಸೀದ ಹಾಲಿನ ವಾಸನೆ. ತಪ್ಪು ಯಾರದೆಂದು ಕೇಳುವ ಹಾಗೇ ಇಲ್ಲ. ಈ ಅಕ್ಕಲಕೋಟೆಯ ಮನೆಯಲ್ಲಿ ಹಾಲನ್ನು ಒಮ್ಮೆ ಕಾಸಿ, ಆರಿಸಿ, ಮತ್ತೆ ಕಾಸುವ ಹುಚ್ಚು ಇರುವುದು ನನಗೊಬ್ಬಳಿಗೇ. ಮೊಮ್ಮಗನ ಹೆಂಡತಿ ರೂಪಾ ದಿನಾ ಅನ್ನುತ್ತಾಳೆ: "ಆಯಿ, ಪಿಶವಿ ಪಾಕೀಟಿನ ಹಾಲ ಮೊದಲss ಕಾಸಿ ಕಳಿಸಿರ್ತಾರ. ನೀವು ಮತ್ತ ಮತ್ತ ಕಾಸಿದ್ರ ಅದರಾಗ ಏನ ಉಳೀತದ?" ಏನೂ ಉಳಿಯಬಾರದು ಅಂತಲೇ ಕಾಸುವುದು ತಾಯಿ, ಎಂದು ನಾನೂ ದಿನಾ ಅನ್ನುತ್ತೇನೆ.

ಇವತ್ತು ಮಾತ್ರ ಅವಳು ಏನೂ ಅನ್ನಲಿಲ್ಲ. ಮೊನ್ನೆ ದವಾಖಾನೆಯಿಂದ ಬಂದವಳು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಎರಡನೆಯ ಸಲ ಬಸಿರು ಇಳಿದಿದೆ. ಓಣಿಯ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಂದು ಅವಳ ತಲೆದೆಸೆಗೆ ಕೂತು, ಯಾರ ಕಣ್ಣು ಬಿತ್ತೋ, ಯಾವ ಹರಕೆ ಬಾಕಿ ಉಳಿಯಿತೋ ಎಂದು ವಿಚಾರಣೆ ನಡೆಸಿ, ಚಹಾ ಕುಡಿದು ಹೋಗುತ್ತಿದ್ದಾರೆ. ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತದೆ. ಒಲೆ ಒರೆಸುತ್ತ ನನಗೆ ಬೋರಾಮಣಿಯ ಮಾಳವ್ವಕ್ಕ ನೆನಪಾದಳು. ಹಾಲು ಕಾಸುವ ಈ ಚಟ ಅವಳ ಕಾಲದ್ದೇ.

ಮಾಳವ್ವಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ. ನನ್ನ ತವರು ಸೊಲ್ಲಾಪುರ. ಅಪ್ಪ ಕುರಿ ಬಿಟ್ಟು ಗಿರಣಿ ಸೇರಿದವನು. ನಾನು ಗಿರಣಿಯ ಭೋಂಗಾ ಕೂಗಿದಾಗ ಎದ್ದು, ಮರಾಠಿ ಮಾತಾಡುತ್ತ, ಕನ್ನಡ ಸಾಲೆಯಲ್ಲಿ ಓದಿ, ನನ್ನನ್ನು ನಾನು ದೊಡ್ಡ ಪಟ್ಟಣದವಳು ಎಂದುಕೊಂಡಿದ್ದೆ. ಬೋರಾಮಣಿಯ ಆ ಬಯಲು ಹುಲ್ಲುಗಾವಲಿನಲ್ಲಿ, ನೂರಾರು ಕುರಿಗಳ ನಡುವೆ ನನ್ನ ಪಟ್ಟಣಗಿತ್ತಿತನ ಒಂದು ವಾರವೂ ಬಾಳಲಿಲ್ಲ. ಟಗರೊಂದು ಹಿಂದಿನಿಂದ ಬಂದು ಗುಮ್ಮಿದ ದಿನ ನಾನು "ಅಗ ಬಾಯಿ!" ಎಂದು ಮರಾಠಿಯಲ್ಲಿ ಕಿರಿಚಿದ್ದನ್ನು ಆ ಮನೆಯವರು ಬಹಳ ಕಾಲ ಅಭಿನಯಿಸಿ ತೋರಿಸುತ್ತಿದ್ದರು. ಇನ್ನು ಕುರಿಹಾಲು! ಕೆಚ್ಚಲಿನಿಂದ ಕರೆದು, ನೊರೆ ಇರುವಾಗಲೇ ಬಿಸಿಬಿಸಿಯಾಗಿ ಕುಡಿಯಬೇಕು, ಮೈಗೆ ಬಲ ಬರುತ್ತದೆ ಎಂದು ಅತ್ತೆ ಬಟ್ಟಲು ಹಿಡಿದು ನಿಂತರೆ ನನಗೆ ವಾಕರಿಕೆ. ನಾಲ್ಕು ಸಲ ನೋಡಿ ಅತ್ತೆ ನನ್ನ ಆಸೆ ಬಿಟ್ಟಳು. "ಇದು ಗಿರಣಿ ಹೊಗಿ ಕುಡದ ಬೆಳದೈತಿ, ಹಾಲ ಎಲ್ಲಿ ಸೇರಬೇಕ" ಎಂದು ಬಟ್ಟಲನ್ನು ಮಾಳವ್ವಕ್ಕನ ಕೈಗೆ ಕೊಡುತ್ತಿದ್ದಳು. ಅವಳು ಗಟಗಟ ಕುಡಿದು ಮೂಗಿನ ಮೇಲಿನ ನೊರೆ ಒರೆಸಿಕೊಳ್ಳುತ್ತಿದ್ದಳು.

ಎತ್ತರದ ಹೆಂಗಸು ಅವಳು. ನಡೆದರೆ ಗಂಡಸಿನ ಹೆಜ್ಜೆ. ಕುರಿಯ ದನಿ ಕೇಳಿಯೇ ಇದು ಹಸಿದದ್ದು, ಇದು ಮರಿ ಹುಡುಕುವುದು ಎಂದು ಹೇಳಬಲ್ಲವಳು. ನನ್ನನ್ನು "ಸೊಲ್ಲಾಪುರದಾಕಿ" ಎಂದೇ ಕರೆಯುತ್ತಿದ್ದಳು. ನಾನು ಸೀರೆಗೆ ಇಸ್ತ್ರಿಯ ಮಡಿಕೆ ಕೂಡಿಸಲು ಚೊಂಬಿನಲ್ಲಿ ಕೆಂಡ ಹಾಕಿ ಒತ್ತುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು. ಆ ಹೊಟ್ಟೆಯಲ್ಲಿ ಮಾತ್ರ ಒಂದು ಕೂಸೂ ನಿಲ್ಲಲಿಲ್ಲ. ಬಸಿರಾಗುವಳು, ನಾಲ್ಕೈದು ತಿಂಗಳಿಗೆ ಹೋಗುವುದು. ನಾನು ಹೋಗುವ ಹೊತ್ತಿಗಾಗಲೇ ಎರಡು ಹೋಗಿದ್ದವು. ಮೂರನೆಯದು ನನ್ನ ಕಣ್ಣ ಮುಂದೆಯೇ ಹೋಯಿತು. ಅದೇ ವರ್ಷ ನನಗೆ ಮಗ ಹುಟ್ಟಿದ. ತನ್ನದು ಹೋದ ತಿಂಗಳಿಗೇ ನನ್ನ ಬಾಣಂತನ ಮಾಡಿದಳು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ, ದೇವರಾಣೆಗೂ ಗೊತ್ತಿಲ್ಲ.

ಈಗ ನಿಮಗೆ ಆ ಮನೆಯ ಒಂದು ನಡಾವಳಿ ಹೇಳಬೇಕು. ಕುರಿಗಳು ಕೆಲವು ಸಲ ತಿಂಗಳು ತುಂಬುವ ಮೊದಲೇ ಸತ್ತ ಮರಿ ಹಾಕುತ್ತವೆ. ಅದಕ್ಕೆ ಕಂದು ಹಾಕುವುದು ಎನ್ನುತ್ತಾರೆ. ಹಿಂಡಿನಲ್ಲಿ ಒಂದು ಹಾಕಿದರೆ ಹಿಂದೆಯೇ ಇನ್ನೂ ಕೆಲವು ಹಾಕುತ್ತವೆ. ಆ ಕಂದನ್ನು ಗಂಡಸರು ಮುಟ್ಟುವಂತಿಲ್ಲ, ಅವರು ಕುಲದೇವರು ಬೀರೋಬನ ಭಂಡಾರದ ಅರಿಶಿನ ಹಚ್ಚುವ ಕೈಯವರು. ಬಸುರಿ ಬಾಣಂತಿಯರು ಆ ಕಡೆ ಹಾಯುವಂತಿಲ್ಲ. ಹೆರುವ ವಯಸ್ಸಿನಲ್ಲಿ ಮಕ್ಕಳಿದ್ದವಳು ಮುಟ್ಟುವಂತಿಲ್ಲ. ಉಡಿ ಬರಿದಾದವಳು, ಅಂದರೆ ಕೂಸು ನಿಲ್ಲದವಳು ಮಾತ್ರ, ತಾನು ಬಸುರಾಗಿದ್ದರೂ ಸರಿ, ಅದನ್ನು ಬರಿಗೈಯಲ್ಲಿ ಎತ್ತಿ, ಮಾಸುಚೀಲದ ಸಮೇತ ಸೆರಗಿನ ಉಡಿಯಲ್ಲಿ ಕಟ್ಟಿಕೊಂಡು, ಕೂಸನ್ನು ಒಯ್ದ ಹಾಗೆ ಒಯ್ದು ಬನ್ನಿಗಿಡದ ಬುಡದಲ್ಲಿ ಹೂಳಬೇಕು. ಮೂಕಪ್ರಾಣಿಯ ಕಂದನ್ನು ಉಡಿಯಲ್ಲಿ ಹಾಕಿಕೊಂಡವಳ ಉಡಿಯನ್ನು ಬೀರೋಬ ತುಂಬುತ್ತಾನೆ ಎಂದು ನಂಬಿಕೆ. ಬೇರೆ ಯಾರ ಮನೆಯಲ್ಲೂ ನಾನು ಇದನ್ನು ಕಾಣೆ. ಅತ್ತೆಯ ಅತ್ತೆಯ ಕಾಲದಿಂದ ಬಂದದ್ದಂತೆ.

ಹಟ್ಟಿಯ ಕೆಲಸ ಯಾರಿಗೋ ಹೇರಬೇಕೆಂದು ಅವಳಿಗೆ ಹೇರಿದ್ದರು ಎಂದು ತಿಳಿಯಬೇಡಿ. ಮಾಳವ್ವಕ್ಕ ತಾನೇ ಓಡುತ್ತಿದ್ದಳು. ಕುರಿ ಕಂದು ಹಾಕಿತು ಎಂದರೆ ಸಾಕು, ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಬಿಟ್ಟು ಹೋಗಿ ಅದನ್ನು ಎತ್ತಿಕೊಳ್ಳುವಳು. ಅತ್ತೆ ಸೆರಗಿನ ಗಂಟು ಬಿಗಿದು ಕೊಡುವಳು. ಇಬ್ಬರ ಮುಖದಲ್ಲೂ ಪೂಜೆಯ ಭಕ್ತಿ.

ಮೂರನೆಯದು ಹೋದ ಮೇಲೆ ಅವಳಿಗೆ ಸಂಜೆ ಸಂಜೆಗೆ ಜ್ವರ ಬರತೊಡಗಿತು. ಬೆವರಿ ಕುಪ್ಪಸ ಹಿಂಡುವ ಹಾಗಾಗುವುದು, ಸೊಂಟ ಹಿಡಿದುಕೊಳ್ಳುವುದು, ಬೆಳಿಗ್ಗೆ ಏನೂ ಆಗದವಳ ಹಾಗೆ ಎದ್ದು ಹಟ್ಟಿ ಬಳಿಯುವುದು. ಗಾಳಿಯ ಕಾಟ ಎಂದು ಬೇವಿನ ಸೊಪ್ಪಿನಿಂದ ನಿವಾಳಿಸಿದ್ದೂ ಆಯಿತು. ಅಷ್ಟರಲ್ಲಿ ಅತ್ತೆ ಒಂದು ದಿನ ಎಲ್ಲರ ಎದುರಿಗೇ ಹೇಳಿದಳು: "ಮಾಳವ್ವಾ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಆದರ ಹಿರೇಮಗನ ದೀಪ ಆರಬಾರದ. ಕಂದಲಗಾಂವದಾಗ ನನ್ನ ತಮ್ಮನ ಮಗಳು ಅದಾಳ. ಬರೂ ಯುಗಾದಿ ತನಕ ನೋಡ್ತೀನಿ." ಭಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಮಾಳವ್ವಕ್ಕ ಹಿತ್ತಲಿಗೆ ಬಂದು ನನ್ನ ರಟ್ಟೆ ಹಿಡಿದುಕೊಂಡಳು. "ಸೊಲ್ಲಾಪುರದಾಕಿ, ನಿಮ್ಮ ಊರಾಗ ಹೆಂಗಸರ ದವಾಖಾನಿ ಐತೆಲ್ಲ, ಅಲ್ಲಿ ಕರಕೊಂಡ ಹೋಗ ನನ್ನ. ಸವತಿ ಬಂದ ಮ್ಯಾಲ ನಾ ಈ ಮನ್ಯಾಗ ಕುರಿ ಕಾಯೂ ಆಳ ಆಗ್ತೀನಿ."

ನನ್ನ ತವರಿಗೆ ಮಗನನ್ನು ತೋರಿಸಲು ಹೋಗುತ್ತೇವೆ ಎಂದು ಹೇಳಿ ಹೊರಟೆವು. ಎಸ್ಟಿ ಬಸ್ಸಿನಲ್ಲಿ ಅವಳು ಕಿಟಕಿಯ ಸರಳು ಬಿಡಲೇ ಇಲ್ಲ.

ದವಾಖಾನೆಯ ಡಾಕ್ಟರೀಣ ಬಾಯಿ ಮರಾಠಿಯವರು. ತಲೆ ನರೆತಿತ್ತು, ಮಾತು ಕಡಿಮೆ, ಮುಲಾಜು ಇಲ್ಲ. ಮಾಳವ್ವಕ್ಕನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಹೀಗಾಗಿ ನಡುವೆ ನಾನು ದುಭಾಷಿ. ಯಾವ ಯಾವ ಮಾತುಗಳನ್ನು ನಾನು ಆ ದಿನ ಕನ್ನಡಕ್ಕೆ ತರಬೇಕಾಯಿತು ಎಂದು ನೆನೆಸಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮುಟ್ಟು ಸರಿಯಾಗಿ ಆಗುತ್ತದೆಯೇ, ಬಸಿರು ಯಾವ ತಿಂಗಳಲ್ಲಿ ಹೋಗುತ್ತದೆ, ನೋವಿನಿಂದಲೋ ನೋವಿಲ್ಲದೆಯೋ, ಗಂಡ ಹೆಂಡಿರು ಹತ್ತಿರದ ರಕ್ತಸಂಬಂಧದವರೇ. ಕೊನೆಗೆ ಬಾಯಿ, ಗಂಡನಿಗೆ ಗರ್ಮಿ ರೋಗ, ಅಂದರೆ ಹೊರಗಿನ ಹೆಂಗಸರ ಸಹವಾಸದಿಂದ ಬರುವ ಬೇನೆ, ಇದೆಯೇ ಕೇಳು ಎಂದರು. ನಾನು ಭಾವನ ಹೆಸರಿಗೆ ಅಷ್ಟು ಮಾತು ಹೇಗೆ ಎತ್ತಲಿ? "ಅಕ್ಕಾ, ಭಾವ ಹೊರಗ ಹೋಗ್ತಾನೇನ?" ಎಂದೆ. "ಹೋಗದss ಏನ ಮಾಡ್ತಾನ? ಕುರಿ ಮನ್ಯಾಗ ಮೇಯ್ತಾವೇನ?" ಎಂದಳು. ನಾನು ಡಾಕ್ಟರೀಣ ಬಾಯಿಗೆ, ಇಲ್ಲವಂತೆ ಎಂದು ಹೇಳಿಬಿಟ್ಟೆ. ಅವರು ನನ್ನ ಮುಖ ನೋಡಿ ಅದಕ್ಕೂ ರಕ್ತ ತೆಗೆಯಲು ಬರೆದರು.

ನನ್ನ ದುಭಾಷಿತನದ ಗತಿ ಅಷ್ಟೇ ಇರಲಿ. ಅವರು ಮಾಳವ್ವಕ್ಕನ ಗಂಟಲು ಮುಟ್ಟಿ ನೋಡಿದರು, ಒಳಗೂ ತಪಾಸಣೆ ಮಾಡಿದರು, ಮಾಡುತ್ತ ಮಾಡುತ್ತ ಸಾಲೆಯಲ್ಲಿ ಪಾಠ ಹೇಳುವ ಬಾಯಿಯ ಹಾಗೆ ನನಗೆ ತಿಳಿಸಿ ಹೇಳಿದರು. ಕೆಲವರಿಗೆ ಗರ್ಭಚೀಲದ ನಡುವೆ ಹುಟ್ಟಿನಿಂದಲೇ ಗೋಡೆ ಇರುತ್ತದೆ, ಕೂಸಿಗೆ ಜಾಗ ಸಾಲದು. ಕೆಲವರಿಗೆ ಚೀಲದ ಬಾಯಿ ಸಡಿಲ, ಭಾರ ಬಿದ್ದ ಕೂಡಲೆ ತೆರೆದುಕೊಳ್ಳುತ್ತದೆ. ಗಂಟಲಿನ ಗ್ರಂಥಿ ಕೆಟ್ಟರೂ ನಿಲ್ಲುವುದಿಲ್ಲ. ಗಂಡನ ರಕ್ತ, ಹೆಂಡತಿಯ ರಕ್ತ ಒಂದಕ್ಕೊಂದು ಕೂಡದಿದ್ದರೆ ಮೊದಲನೆಯದು ಬದುಕಿ ಮುಂದಿನವು ಹೋಗುವುದುಂಟು. ಕೂಸಿನ ಬೀಜವೇ ಸರಿ ಕಟ್ಟಿರುವುದಿಲ್ಲ ಕೆಲವು ಸಲ, ಆಗ ಯಾರೂ ಏನೂ ಮಾಡುವಂತಿಲ್ಲ. ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ, ಎಂದೂ ಹೇಳಿದರು. ಬೇನೆ ಹೆಂಗಸಿನದೇ ಎಂದು ಹೇಳಲು ಬರುವುದಿಲ್ಲ ಎಂದದ್ದನ್ನು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆ ಮಾತನ್ನು ಅಲ್ಲಿಯವರೆಗೆ ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ.

ಮಾಳವ್ವಕ್ಕನಲ್ಲಿ ಗೋಡೆಯೂ ಇರಲಿಲ್ಲ, ಸಡಿಲವೂ ಇರಲಿಲ್ಲ. ಸಂಜೆಯ ಜ್ವರದ ಮಾತು ಬಂದಾಗ ಬಾಯಿ ತಟ್ಟನೆ ತಲೆ ಎತ್ತಿದರು. "ಮೇಂಢ್ಯಾ ಆಹೇತ ಕಾ?" ಕುರಿಗಳಿವೆಯೇ ಎಂದು. ಇವೆ ಎಂದೆ. ಕಂದು ಹಾಕುತ್ತವೆಯೇ? ಹಾಕುತ್ತವೆ. ಅದನ್ನು ಎತ್ತುವವರು ಯಾರು?

ನಾನು ಮಾಳವ್ವಕ್ಕನನ್ನು ಕೇಳಲಿಲ್ಲ. ಉತ್ತರ ನನಗೇ ಗೊತ್ತಿತ್ತು. ಉಡಿಯ ನಡಾವಳಿಯನ್ನು ಮರಾಠಿಯಲ್ಲಿ ಹೇಳಿದೆ. ಬಾಯಿ ಪೆನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: ಕುರಿ ಕಂದು ಹಾಕುವುದು ಒಂದು ರೋಗದಿಂದ. ಅದರ ಸೂಕ್ಷ್ಮ ಜಂತು ಆ ಸತ್ತ ಮರಿಯಲ್ಲಿ, ಮಾಸುಚೀಲದಲ್ಲಿ, ಕಾಸದ ಹಸಿ ಹಾಲಿನಲ್ಲಿ ತುಂಬಿರುತ್ತದೆ. ಕೈಯ ಗೀರಿನಿಂದ, ಬಾಯಿಯಿಂದ ಮನುಷ್ಯರ ಮೈ ಸೇರುತ್ತದೆ. ಜ್ವರ ಬರುತ್ತದೆ. ಬಸಿರಿದ್ದರೆ ಇಳಿದುಬಿಡಬಹುದು. ರಕ್ತವನ್ನು ಪುಣೆಗೆ ಕಳಿಸೋಣ, ಆದರೆ ನನಗೆ ಇದೇ ಅನಿಸುತ್ತದೆ.

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಮಾಳವ್ವಕ್ಕ ತನ್ನ ಎರಡೂ ಅಂಗೈ ತೆರೆದು ನೋಡಿಕೊಂಡಳು. "ಹಂಗಾದ್ರ ನನ್ನ ಕೂಸುಗೋಳ್ನ ನನ್ನ ಕೈಯ್ಯss ತಿಂದೂವೇನ? ಕೇಳ ಅವರ್ನ."

ಕೇಳಿದೆ. ಡಾಕ್ಟರೀಣ ಬಾಯಿ ಎದ್ದು ಬಂದು ಆ ಎರಡೂ ಕೈಗಳನ್ನು ಹಿಡಿದುಕೊಂಡರು. ಕೈಗಳಲ್ಲ, ರೋಗ ಎಂದರು. ಅದನ್ನು ತರ್ಜುಮೆ ಮಾಡುವ ಕೆಲಸ ಬೀಳಲಿಲ್ಲ, ಅವಳಿಗೆ ತಿಳಿಯಿತು. ಅಲ್ಲಿಯೇ ಬೆಂಚಿನ ಮೇಲೆ ಕೂತು, ಹೋದ ಮೂರಕ್ಕೂ ಸೇರಿಸಿ ಅತ್ತಳು. ನಾನೂ ಅತ್ತೆ. ನನ್ನ ಮಗ ನಮ್ಮಿಬ್ಬರನ್ನೂ ನೋಡಿ ಹೆದರಿ ಅತ್ತ.

ಪುಣೆಯಿಂದ ಬಂದ ಉತ್ತರವೂ ಅದೇ ಆಗಿತ್ತು. ಸೂಜಿ, ಗುಳಿಗೆ ಬಹಳ ದಿನ ನಡೆದವು. ಅವಳು ನನ್ನ ತವರಿನಲ್ಲೇ ಉಳಿದಳು. ಸುದ್ದಿ ಹೇಳಬೇಕಾದವಳು ನಾನು. ಮಗನನ್ನು ಸೊಂಟದ ಮೇಲೆ ಇಟ್ಟುಕೊಂಡು ಬೋರಾಮಣಿಗೆ ಹೋಗಿ ಹೇಳಿದೆ. ಅತ್ತೆ ಕೇಳಿ, "ಬೀರೋಬನ ಸೇವಾದಿಂದ ರೋಗ ಬರ್ತದಂತ ಹೇಳಾಕ ನಿನಗ ನಾಲಿಗಿ ಹೆಂಗ ಹೊರಳೀತ?" ಎಂದಳು. ಎರಡು ದಿನ ನನ್ನ ಕೈಯ ನೀರು ಕುಡಿಯಲಿಲ್ಲ. ಬಾಯಿ ಬಿಟ್ಟದ್ದು ಭಾವ. ಜೋಳದ ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: "ಕುರಿ ಕಂದ ಹಾಕಿದ್ರ ಅದನ್ನ ಕಟುಕಗ ಕೊಡೂದಿಲ್ಲ ನಾವು. ಇನ್ನೊಂದ ಹಂಗಾಮ ನೋಡ್ತೀವಿ. ಆಕೀಗೂ ನೋಡೂಣು." ಆ ಯುಗಾದಿ ಬಂತು, ಹೋಯಿತು. ಕಂದಲಗಾಂವಕ್ಕೆ ಯಾರೂ ಹೋಗಲಿಲ್ಲ.

ಮರುವರ್ಷ ಮಾಳವ್ವಕ್ಕ ಮತ್ತೆ ಬಸುರಿ. ಐದು ತುಂಬಿತ್ತು. ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಅವಳ ಕಣ್ಣೆದುರಿಗೇ ಒಂದು ಕುರಿ ಕಂದು ಹಾಕಿತು. ತಾಯಿಕುರಿ ಅದನ್ನು ನೆಕ್ಕುತ್ತ ಒಂದೇ ಸಮನೆ ಕೂಗುತ್ತಿತ್ತು. ಮಾಳವ್ವಕ್ಕ ಎರಡು ಹೆಜ್ಜೆ ಮುಂದೆ ಹೋದಳು, ನಿಂತಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಅತ್ತಿ, ನಾ ಮುಟ್ಟಂಗಿಲ್ಲ" ಎಂದಳು. ದೇವರಿಗೆ ಇಲ್ಲ ಎಂದವಳಾಗಿದ್ದಳಲ್ಲ! ಈಗ ಬೀರೋಬ ಹೊಟ್ಟೆಯದನ್ನೂ ಕಿತ್ತುಕೊಂಡರೆ? ನಾನು ಸಲಿಕೆ ತರಲು ಓಡಿದೆ. ಸಲಿಕೆಯಿಂದ ಎತ್ತಿ, ಸುಣ್ಣ ಸುರಿದು ಹೂಳಬೇಕೆಂದು ಡಾಕ್ಟರೀಣ ಬಾಯಿ ಹೇಳಿದ್ದರು. ತರುವಷ್ಟರಲ್ಲಿ ಅತ್ತೆ ಬಗ್ಗಿ ಅದನ್ನು ಎತ್ತಿ ತನ್ನ ಸೆರಗಿಗೆ ಹಾಕಿಕೊಂಡಾಗಿತ್ತು. "ದೇವರಂತೂ ಸಲಿಕೀಲೆ ಒಪ್ಪೂದಿಲ್ಲ. ಆಕೀನೂ ಮುಟ್ಟೂದ ಬ್ಯಾಡ. ನನ್ನ ಹೊಟ್ಟ್ಯಾಗ ಇನ್ನ ಹೋಗೂದ ಏನ ಉಳದೈತಿ?" ಎಂದು ತಾನೇ ಗಂಟು ಬಿಗಿದುಕೊಂಡು ಬನ್ನಿಗಿಡದ ಕಡೆ ಹೊರಟಳು. ಆ ಹಂಗಾಮಿನಲ್ಲಿ ಕುರಿ ಹಾಕಿದ ಎಲ್ಲ ಕಂದುಗಳನ್ನೂ ಅತ್ತೆಯೇ ಒಯ್ದಳು. ನಾವು ಬೇಡವೆಂದು ಕೂಗಾಡಿದರೂ ಕೇಳಲಿಲ್ಲ.

ಮಾಳವ್ವಕ್ಕನಿಗೆ ತಿಂಗಳು ತುಂಬಿ ಮಗಳು ಹುಟ್ಟಿದಳು. ಅದೊಂದೇ. ಮುಂದೆ ಆಗಲಿಲ್ಲ, ಏಕೆಂದು ಯಾರಿಗೂ ಗೊತ್ತಾಗಲಿಲ್ಲ.

ಕೂಸು ಅಂಬೆಗಾಲಿಡುವ ಹೊತ್ತಿಗೆ ಅತ್ತೆಗೆ ಸಂಜೆಯ ಜ್ವರ ಹಿಡಿಯಿತು. ಅದೇ ಬೆವರು, ಅದೇ ಸೊಂಟನೋವು. ಸೊಲ್ಲಾಪುರಕ್ಕೆ ಒಯ್ಯುತ್ತೇವೆ ಎಂದರೆ ಮೊದಲು ಒಲ್ಲೆ ಎಂದಳು. ಮಾಳವ್ವಕ್ಕ ಎಣ್ಣೆ ಕಾಸಿ ಅವಳ ಬೆನ್ನು ತಿಕ್ಕುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಅವರೆ ಬಿಡಿಸುತ್ತಿದ್ದೆ. ಅತ್ತೆ ಬೋರಲು ಮಲಗಿದವಳು, ಮುಖ ಎತ್ತದೆ ಹೇಳಿದಳು: "ಮಾಳವ್ವಾ, ಗಂಟ ಬಿಗದ ಕೊಡಾಕಿ ನಾನss ಅಲ್ಲೇನ. ನಿನ್ನ ಉಡ್ಯಾಗ ಸಾವ ಕಟ್ಟಿದಾಕಿ ನಾನು."

ಮಾಳವ್ವಕ್ಕನ ಕೈ ನಿಲ್ಲಲಿಲ್ಲ. "ನೀ ಕೂಸ ಬರಲಿ ಅಂತ ಕಟ್ಟಿದಿ, ಅತ್ತಿ. ನಾನೂ ಅದಕss ಓಡಿ ಹೋದೆ. ಸುಮ್ಕ ಮಕ್ಕೋ. ನಾಳಿಗಿ ಎಸ್ಟಿ ಐತಿ, ಸೊಲ್ಲಾಪುರಕ್ಕ ಹೋಗೂಣು."

ಮರುದಿನ ಅತ್ತೆ ತಾನಾಗಿಯೇ ಸೀರೆ ಬದಲಿಸಿ ಕೂತಿದ್ದಳು.

ಇಷ್ಟನ್ನೂ ಇವತ್ತು ಮಧ್ಯಾಹ್ನ ರೂಪಾಳ ಕೋಣೆಗೆ ಹೋಗಿ ಹೇಳಿದೆ. ಅದಕ್ಕೂ ಮೊದಲು ಓಣಿಯ ಹೆಂಗಸರನ್ನು, ಹುಡುಗಿ ನಿದ್ದೆ ಮಾಡಲಿ, ನೀವು ನಡೀರಿ ಎಂದು ಎಬ್ಬಿಸಿ ಕಳಿಸಿದೆ. ಅವರಿಗೆ ಸಿಟ್ಟು ಬಂದಿರಬೇಕು, ಬರಲಿ. ರೂಪಾಳಿಗೆ ಕುರಿಯೂ ಇಲ್ಲ, ಹಟ್ಟಿಯೂ ಇಲ್ಲ. ಅವಳ ಕಾರಣ ಬೇರೆ ಯಾವುದೋ ಇದ್ದೀತು. ಇಬ್ಬರೂ ಹೋಗಿ ತಪಾಸಣೆಗೆ ರಕ್ತ ಕೊಟ್ಟು ಬನ್ನಿ, ನಿನ್ನ ಗಂಡನನ್ನೂ ಕರೆದುಕೊಂಡು ಹೋಗು ಎಂದೆ. ಆಗ ಈ ಕಡೆ ಹೊರಳಿದಳು. ಕಣ್ಣು ಬಾತಿದ್ದವು.

"ಆಯಿ, ಆ ಬಾಯಿ ಏನೇನ ಕಾರಣ ಹೇಳಿದ್ರು, ಇನ್ನೊಮ್ಮೆ ಹೇಳ್ರಿ."

ಹೇಳಿದೆ. ನಡುವಿನ ಗೋಡೆ, ಸಡಿಲ ಬಾಯಿ, ಗಂಟಲ ಗ್ರಂಥಿ, ಕೂಡದ ರಕ್ತ, ಕಟ್ಟದ ಬೀಜ, ಜಂತು, ಜ್ವರ, ಗೊತ್ತಾಗದೆ ಉಳಿಯುವುದು.

"ಅದರಾಗ ನಾ ಮಾಡಿದ್ದ ಪಾಪ ಏನರ ಇತ್ತೇನ್ರಿ?"

"ಇರಲಿಲ್ಲ ತಾಯಿ," ಎಂದೆ. "ಒಂದೊಂದ ಮಾತೂ ನಾನss ಕನ್ನಡಕ್ಕ ತಂದೀನಿ. ಅದು ಇರಲಿಲ್ಲ."